ಸೋಡಾ ಜಾಸ್ತಿಯಾದ ದಿನ

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ದ್ಯುತಿಸಂಶ್ಲೇಷಣೆ ಅಂದರೆ ಮೊದಲೆಲ್ಲ ಬೋರ್ಡಿನ ಮೇಲೆ ಸಮೀಕರಣ ಬರೆದು ಮುಗಿಸುತ್ತಿದ್ದೆ. ಮಕ್ಕಳು ಬಾಯಿಪಾಠ ಒಪ್ಪಿಸುತ್ತಿದ್ದರು. ಒಂದು ದಿನ ಒಬ್ಬಳು ಕೇಳಿದಳು, "ಎಲೆ ಆಕ್ಸಿಜನ್ ಬಿಡೋದನ್ನ ನೀವು ನೋಡಿದೀರಾ ಮಿಸ್?" ನಾನು ನೋಡಿರಲಿಲ್ಲ.

ಮಾರನೇ ದಿನ ಪಾಲಕ್ ಸೊಪ್ಪು, ಅಡುಗೆ ಸೋಡಾ, ಸೂಜಿ ಇಲ್ಲದ ಸಿರಿಂಜು, ಕಾಗದಕ್ಕೆ ತೂತು ಹೊಡೆಯುವ ಪಂಚ್ ತಂದೆ. ದಪ್ಪ ನರ ಬಿಟ್ಟು ಎಲೆಯಿಂದ 10 ಬಿಲ್ಲೆ ಹೊಡೆದೆ. ಅಡುಗೆ ಸೋಡಾ ಕದಡಿದ ನೀರಿಗೆ ಪಾತ್ರೆ ತೊಳೆಯುವ ಸೋಪು ಒಂದೇ ಹನಿ. ಇಲ್ಲದಿದ್ದರೆ ಎಲೆಯ ಮೇಣಕ್ಕೆ ನೀರು ಹತ್ತುವುದಿಲ್ಲ. ಬಿಲ್ಲೆಗಳನ್ನು ಸಿರಿಂಜಿಗೆ ಹಾಕಿ, ಆ ನೀರನ್ನು ಎಳೆದುಕೊಂಡು, ತುದಿಯನ್ನು ಬೆರಳಿನಿಂದ ಮುಚ್ಚಿ ಹಿಂದಿನ ಕಡ್ಡಿ ಜಗ್ಗಬೇಕು. ಎಲೆಯ ಸಂದುಗಳಲ್ಲಿದ್ದ ಗಾಳಿ ಹೊರಬರುತ್ತದೆ, ಕಡ್ಡಿ ಬಿಟ್ಟಾಗ ಆ ಜಾಗಕ್ಕೆ ನೀರು ನುಗ್ಗುತ್ತದೆ. ಎರಡು ಮೂರು ಸಲ ಮಾಡಿದ ಮೇಲೆ ಎಲ್ಲ ಬಿಲ್ಲೆಗಳೂ ಮುಳುಗಿದವು.

ಲೋಟಕ್ಕೆ ಸುರಿದು ಮೇಲೆ ಬಲ್ಬು ಹಚ್ಚಿದೆವು. ಬೆಳಕು ಬಿದ್ದರೆ ಆಕ್ಸಿಜನ್ ಹುಟ್ಟಿ, ಸಂದುಗಳಲ್ಲಿ ತುಂಬಿ, ಬಿಲ್ಲೆ ತೇಲಬೇಕು. ಅರ್ಧ ಗಂಟೆ ಕಾದೆವು. ಒಂದೂ ಏಳಲಿಲ್ಲ.

ಒಂದನ್ನು ಎತ್ತಿ ನೋಡಿದರೆ ಜೋತು ಬಿದ್ದಿತ್ತು. ಒಂದು ಲೋಟ ನೀರಿಗೆ ಚಮಚದ ತುಂಬ ಸೋಡಾ ಸುರಿದಿದ್ದೆ! ಸೋಡಾ ಕಾರ್ಬನ್ ಡೈಆಕ್ಸೈಡ್ ಕೊಡುತ್ತದಲ್ವಾ, ಹೆಚ್ಚಿದ್ದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ. ಹಿಂದಿನ ಬೆಂಚಿನ ಹುಡುಗ ಇಣುಕಿ ನೋಡಿ, "ಮಿಸ್, ನಮ್ಮಜ್ಜಿ ಮಾವಿನಮಿಡಿಗೆ ಉಪ್ಪು ಹಾಕಿಟ್ಟಂಗೆ ಆಗಿದೆ" ಅಂದ.

ಅವನು ಹೇಳಿದ್ದೇ ಸರಿ. ಕೋಶದ ಪೊರೆ ನೀರನ್ನು ಸುಲಭವಾಗಿ ಬಿಡುತ್ತದೆ, ಉಪ್ಪು ಸೋಡಾಗಳನ್ನು ಹಾಗೆ ಬಿಡುವುದಿಲ್ಲ. ಹೊರಗೆ ಸೋಡಾ ಗಟ್ಟಿಯಾಗಿದ್ದರೆ ಒಳಗಿನ ನೀರು ಹೊರಟೇಬಿಡುತ್ತದೆ. ನೀರಿಗೆಂದೇ ಪೊರೆಯಲ್ಲಿ ಪ್ರೋಟೀನಿನ ಕಿಂಡಿಗಳಿವೆ, ಹೆಸರು ಅಕ್ವಾಪೋರಿನ್. ಅದನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಆಕ್ಸಿಜನ್ನಿಗೆ ಇಂಥ ಕಿಂಡಿಯೂ ಬೇಡ, ಪೊರೆಯ ಕೊಬ್ಬಿನ ಪದರದಲ್ಲೇ ನುಸುಳಿ ಹೋಗುತ್ತದೆ.

ಮಕ್ಕಳಿಗೆ ಕಣ್ಣಿಗೇ ಕಾಣಲಿ ಅಂತ ರಿಯೋ ಗಿಡದ ಎಲೆ ತಂದೆ. ಅದರ ಅಡಿಭಾಗದ ನೇರಳೆ ಸಿಪ್ಪೆಯನ್ನು ತೆಳ್ಳಗೆ ಸುಲಿದು, ಮೈಕ್ರೋಸ್ಕೋಪಿನ ಕೆಳಗಿಟ್ಟು, ಉಪ್ಪುನೀರು ಬಿಟ್ಟೆ. ಕೋಶಗಳಲ್ಲಿ ತುಂಬಿಕೊಂಡಿದ್ದ ನೇರಳೆ ಬಣ್ಣ ನೋಡುನೋಡುತ್ತಿದ್ದಂತೆ ಕೋಶದ ಗೋಡೆಯಿಂದ ಬಿಟ್ಟುಕೊಂಡು ನಡುವೆ ಮುದುಡಿತು. ಬೇಗ ಸಾದಾ ನೀರಿಗೆ ಹಾಕಿದರೆ ಮತ್ತೆ ಉಬ್ಬುತ್ತದೆ. ತಡ ಮಾಡಿದರೆ ಕೋಶ ಸತ್ತೇ ಹೋಗುತ್ತದೆ. ಸಿಪ್ಪೆ ಸುಲಿಯುವುದೇ ಕಷ್ಟದ ಕೆಲಸ, ನನಗೆ ನಾಲ್ಕನೇ ಸಲಕ್ಕೆ ಬಂತು.

ಬಿಲ್ಲೆಗಳ ಕೆಲಸ ಮತ್ತೆ ಮೊದಲಿನಿಂದ. ಈ ಸಲ 300 ಮಿಲಿಲೀಟರ್ ನೀರಿಗೆ ಸೋಡಾ ಬರೀ ಒಂದು ಚಿಟಿಕೆ. ಎಂಟನೇ ನಿಮಿಷಕ್ಕೆ ಮೊದಲ ಬಿಲ್ಲೆ ಅಂಚಿನಲ್ಲಿ ಗುಳ್ಳೆ ಅಂಟಿಸಿಕೊಂಡು ನೆಟ್ಟಗೆ ನಿಂತಿತು, ಆಮೇಲೆ ಸರ್ರನೆ ಮೇಲೆ ಬಂತು. ಮಕ್ಕಳು ಕೂಗಿದ್ದಕ್ಕೆ ಪಕ್ಕದ ಕ್ಲಾಸಿನ ಸರ್ ಬಂದು ಇಣುಕಿದರು.

ಈಗ ಪ್ರತಿ ವರ್ಷ ಎರಡು ಲೋಟ ಇಡುತ್ತೇನೆ. ಒಂದಕ್ಕೆ ಚಿಟಿಕೆ, ಇನ್ನೊಂದಕ್ಕೆ ಬೇಕಂತಲೇ ಚಮಚದ ತುಂಬ.