ಹುಳಿಗೆ ತಕ್ಕ ವೈನ್

ಶಿವಮೊಗ್ಗದಲ್ಲಿ ‘ವೈನ್ಸ್’ ಅಂತ ಬೋರ್ಡ್ ಹಾಕಿದ ಅಂಗಡಿಗಳಿಗೇನೂ ಬರ ಇಲ್ಲ. ಒಳಗೆ ಹೋಗಿ ವೈನ್ ಕೇಳಿದರೆ ಮಾತ್ರ ಹುಡುಗ ನಮ್ಮ ಮುಖ ನೋಡುತ್ತಾನೆ. ಬ್ರಾಂಡಿ, ವಿಸ್ಕಿಗೆ ಮೂರು ಗೋಡೆ. ವೈನ್‌ಗೆ ಮೇಲಿನ ಮೂಲೆಯಲ್ಲಿ ಒಂದು ಹಲಗೆ, ಟ್ಯೂಬ್‌ಲೈಟಿನ ಪಕ್ಕ. ಅದರಲ್ಲೂ ಐವತ್ತು ದಾಟಿದ ಹೆಂಗಸು ತರಕಾರಿ ಚೀಲ ಹಿಡಿದು ನಿಂತು "ಬಿಳಿ ವೈನ್ ಯಾವುದಿದೆ ತಮ್ಮಾ?" ಅಂದರೆ ಕೇಳಬೇಕಾ! ಈಗ ಅವನಿಗೂ ಅಭ್ಯಾಸವಾಗಿದೆ, ನನಗೂ.

ಶುರುವಾಗಿದ್ದು ಮಗನಿಂದ. ಬೆಂಗಳೂರಲ್ಲಿರುವ ಅವನು ನಂದಿ ಬೆಟ್ಟದ ಹತ್ತಿರದ ಗ್ರೋವರ್ ದ್ರಾಕ್ಷಿ ತೋಟ ನೋಡಲು ಹೋಗಿ, ಬರುವಾಗ ಒಂದು ಕೆಂಪು ವೈನ್ ತಂದುಕೊಟ್ಟ. ಮನೆಯಲ್ಲಿ ಇರುವುದು ನಾನು, ಇವರು ಇಬ್ಬರೇ. ಏಪ್ರಿಲ್ ತಿಂಗಳ ಭಾನುವಾರ. ಕಡುಬು, ನಾಟಿಕೋಳಿ ಸಾರು ಮಾಡಿದ್ದೆ. ಮಾಂಸಕ್ಕೆ ಕೆಂಪು ವೈನ್ ಅಂತ ಎಲ್ಲರೂ ಹೇಳುತ್ತಾರಲ್ಲ, ಧೈರ್ಯವಾಗಿ ಎರಡು ಸ್ಟೀಲ್ ಲೋಟಕ್ಕೆ ಸುರಿದೆ. ಇವರು ಒಂದು ಗುಟುಕು ಕುಡಿದು, "ಎಂಥ ಮಾರಾಯ್ತಿ ಇದು, ನೆಲಬೇವಿನ ಕಷಾಯ ಇದ್ದ ಹಾಗಿದೆ" ಅಂದರು. ನನಗೋ ಬಾಯಿ ಉರಿದು ಕಣ್ಣಲ್ಲಿ ನೀರು. ಸಾರಿಗೆ ಹಾಕಿದ್ದು ಯಾವಾಗಿನಷ್ಟೇ ಖಾರ. ಆದರೆ ವೈನ್ ಅದನ್ನು ಎರಡರಷ್ಟು ಮಾಡಿತ್ತು.

ಆಮೇಲೆ ತಿಳಿಯಿತು, ಆಲ್ಕೋಹಾಲ್ ಖಾರದ ಉರಿಯನ್ನು ಕೆರಳಿಸುತ್ತದೆ ಅಂತ. ಅದರ ಜೊತೆ ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್ ಬೇರೆ. ಅಡಿಕೆ ಬೇಯಿಸಿದ ಚೊಗರು ಕಂಡವರಿಗೆ ಟ್ಯಾನಿನ್ ಎಂದರೇನು ಅಂತ ಹೇಳಿಕೊಡಬೇಕಿಲ್ಲ. ಅದೇ ಜಾತಿಯ ಒಗರು. ಖಾರದ ಬಾಯಿಗೆ ಆ ಒಗರು ಬಿದ್ದರೆ ಎರಡೂ ಸೇರಿ ಕಹಿಯಾಗುತ್ತವೆ.

ಅವತ್ತಿನಿಂದ ಕೋಳಿಯೋ ಮೀನೋ ತರಕಾರಿಯೋ ಅಂತ ನೋಡಿ ವೈನ್ ಆರಿಸುವುದನ್ನು ಬಿಟ್ಟೆ. ಈಗ ಮೊದಲು ನೋಡುವುದು ಅಡುಗೆಗೆ ಯಾವ ಹುಳಿ ಬಿದ್ದಿದೆ, ಎಷ್ಟು ಬಿದ್ದಿದೆ ಅಂತ. ಆಮೇಲೆ ಖಾರ. ನಮ್ಮ ಬೇಸಿಗೆ ಅಡುಗೆ ಅಂದರೆ ಹುಳಿಯೇ ಅಲ್ವಾ? ಮಾವಿನಕಾಯಿ, ಮಜ್ಜಿಗೆ, ಮುರುಗಲು, ವಾಟೆಹುಳಿ, ನಿಂಬೆ. ಹೋಳಿಗೆ ತಿಂದ ಮೇಲೆ ಕಾಫಿ ಕುಡಿದರೆ ಸಕ್ಕರೆಯೇ ಹಾಕಿಲ್ಲವೇನೋ ಅನಿಸುತ್ತದಲ್ಲ, ಹುಳಿಯ ಲೆಕ್ಕವೂ ಅದೇ. ಪದಾರ್ಥ ವೈನ್‌ಗಿಂತ ಹುಳಿಯಾದರೆ ವೈನ್ ನೀರು ನೀರು. ವೈನ್‌ನ ಹುಳಿ ಒಂದು ಕೈ ಮೇಲಿರಬೇಕು, ಇಲ್ಲವೇ ಸಮ ಇರಬೇಕು.

ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಊಟ ಬಂಗುಡೆಯದ್ದು. ಬೇಸಿಗೆಯಲ್ಲಿ ಘಟ್ಟ ಹತ್ತಿ ಬರುವ ಬಂಗುಡೆ ಚೆನ್ನಾಗಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಅಷ್ಟರೊಳಗೆ ತಿಂದುಬಿಡಬೇಕು. ಹುಣಸೆಹಣ್ಣು ಬಿಟ್ಟು ಮಾವಿನಕಾಯಿ ಹೋಳು ಹಾಕಿ, ಹಸಿಮೆಣಸು, ಶುಂಠಿ, ತೆಂಗಿನಕಾಯಿ ರುಬ್ಬಿ ತೆಳ್ಳಗೆ ಸಾರು ಮಾಡುತ್ತೇನೆ. ಒಗ್ಗರಣೆ ಇಲ್ಲ, ಮೇಲೆ ಒಂದು ಚಮಚ ಹಸಿ ಕೊಬ್ಬರಿ ಎಣ್ಣೆ ಅಷ್ಟೇ. ಇದಕ್ಕೆ ಸಾವಿನ್ಯೋ ಬ್ಲಾಂ ಅನ್ನುವ ಬಿಳಿ ವೈನ್. (ಹೆಸರಲ್ಲೇ ಸಾವಿದೆ ಅಂತ ಇವರು ಪ್ರತಿ ಸಲವೂ ಅದೇ ಜೋಕ್ ಹೇಳುತ್ತಾರೆ.) ಈ ವೈನ್‌ಗೆ ಒಂದು ಹಸಿರು ವಾಸನೆ ಇದೆ. ಹುಲ್ಲು ಕೊಯ್ದಾಗ ಬರುವಂಥದ್ದು, ದಪ್ಪಮೆಣಸು ಹೆಚ್ಚಿದಾಗ ಬರುವಂಥದ್ದು. ಸುಮ್ನೆ ಹೋಲಿಕೆ ಅಲ್ಲ, ದಪ್ಪಮೆಣಸಿನ ವಾಸನೆಗೆ ಕಾರಣವಾದ ಪೈರಜಿನ್ ಎಂಬ ವಸ್ತು ಇದರಲ್ಲೂ ಇದೆ. ಮಾವಿನಕಾಯಿ, ಹಸಿಮೆಣಸಿನ ಪಕ್ಕ ಅದನ್ನು ಕೂರಿಸಿದರೆ ಒಂದೇ ಮನೆಯವರ ಹಾಗೆ ಹೊಂದಿಕೊಳ್ಳುತ್ತದೆ. ಇವರು ಮೀನಿನ ಮುಳ್ಳನ್ನೂ ಬಿಡದೆ ಚೀಪಿದರು.

ಅದೇ ಬಂಗುಡೆಗೆ ಮರುದಿನ ಉಳಿದಿದ್ದ ಕೆಂಪು ವೈನ್ ಕುಡಿದು ನೋಡಿದೆವು. ಬಾಯಲ್ಲಿ ತುಕ್ಕು ಹಿಡಿದ ಮೊಳೆ ಇಟ್ಟುಕೊಂಡ ಹಾಗೆ. ಕೆಂಪು ವೈನ್‌ನಲ್ಲಿರುವ ಕಬ್ಬಿಣದ ಅಂಶ ಮೀನಿನ ಕೊಬ್ಬಿನ ಜೊತೆ ಸೇರಿದರೆ ಹೀಗಾಗುತ್ತದೆ ಅಂತ 2009ರಲ್ಲಿ ಜಪಾನಿನ ಸಂಶೋಧಕರು ತೋರಿಸಿದ್ದಾರಂತೆ. ನಾವು ಒಂದು ಲೋಟ ಹಾಳು ಮಾಡಿ ಕಂಡುಕೊಂಡೆವು.

ತೆಂಗಿನಕಾಯಿ ಜಾಸ್ತಿ ಬೀಳುವ ಅಡುಗೆಗೆ ಶೆನಿನ್ ಬ್ಲಾಂ ಅನ್ನುವ ಇನ್ನೊಂದು ಬಿಳಿ ವೈನ್. ನಮ್ಮ ಅಂಗಡಿ ಹುಡುಗ ಅದನ್ನು ಚೆನಿನ್ ಬ್ಲಾಂಕ್ ಅನ್ನುತ್ತಾನೆ, ಅವನ ಎದುರು ನಾನೂ ಹಾಗೇ ಅನ್ನುತ್ತೇನೆ. ನಾಸಿಕದ ಸುಲಾ ಕಂಪನಿಯವರದು ಸುಲಭವಾಗಿ ಸಿಗುತ್ತದೆ, ಅದರಲ್ಲಿ ಹುಳಿಯ ಜೊತೆ ಸಣ್ಣಗೆ ಸಿಹಿಯೂ ಇದೆ. ಸೌತೆಕಾಯಿ ಮಜ್ಜಿಗೆಹುಳಿಗೆ, ನೀರುದೋಸೆ ಕಾಯಿಹಾಲಿಗೆ ಇದು ಸರಿ. ಕಾಯಿಯ ಜಿಡ್ಡನ್ನು ಹುಳಿ ತೊಳೆಯುತ್ತದೆ, ಮೆಣಸಿನ ಉರಿಯನ್ನು ಸಿಹಿ ತಣಿಸುತ್ತದೆ. ನಾಟಿಕೋಳಿ ಸಾರಿಗೆ ಕೊನೆಗೂ ಜೋಡಿ ಸಿಕ್ಕಿದ್ದು ಸ್ವಲ್ಪ ಸಿಹಿ ಇರುವ ರೋಸೆ, ಅಂದರೆ ತಿಳಿಗೆಂಪು ಬಣ್ಣದ ವೈನ್, ಅದೂ ಚೆನ್ನಾಗಿ ತಣ್ಣಗಾಗಿದ್ದರೆ ಮಾತ್ರ.

ಹಾಗಾದರೆ ಕೆಂಪು ವೈನ್ ಬೇಡವೇ ಬೇಡವಾ? ಎಳೆ ಹಲಸಿನಕಾಯಿ ಪಲ್ಯಕ್ಕೆ ಬೇಕು. ಕೊತ್ತಂಬರಿ ಬೀಜ, ಕಾಯಿ ಹುರಿದು ಪುಡಿಮಾಡಿ, ಬ್ಯಾಡಗಿ ಮೆಣಸು ಎರಡೇ ಎರಡು ಹಾಕಿ, ತಳ ಹಿಡಿಯುವ ಹೊತ್ತಿಗೆ ಇಳಿಸಿದ ಪಲ್ಯ. ಹಲಸಿನ ನಾರು, ಹುರಿದ ವಾಸನೆ ಇವೆರಡಕ್ಕೆ ಆ ಒಗರು ಹೊಂದುತ್ತದೆ. ಜೊತೆಗೆ ಅಕ್ಕಿ ರೊಟ್ಟಿಗೆ ಬೆಣ್ಣೆ ಇದ್ದರೆ ಇನ್ನೂ ಮೇಲು. ಕೆಂಪು ವೈನ್ ರೂಮ್ ಟೆಂಪರೇಚರ್‌ನಲ್ಲಿ ಇರಬೇಕು ಅನ್ನುವ ಮಾತನ್ನು ಇಲ್ಲಿ ನಂಬಬೇಡಿ. ಆ ರೂಮು ಯುರೋಪಿನದು, 16–18 ಡಿಗ್ರಿಯದು. ನಮ್ಮೂರಿನ ಏಪ್ರಿಲ್ ರೂಮಿನಲ್ಲಿಟ್ಟ ವೈನ್ ಮೂಗಿಗೆ ಸ್ಪಿರಿಟ್ ಹೊಡೆಯುತ್ತದೆ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯುತ್ತೇನೆ.

ಕೆಲವಕ್ಕೆ ವೈನ್ ಬೇಡ. ಅಪ್ಪೆಹುಳಿ ಅಂಥದ್ದು. ಬೇಯಿಸಿದ ಮಾವಿನಕಾಯಿ ಹಿಚುಕಿ, ನೀರು ಮಾಡಿ, ಇಂಗಿನ ಒಗ್ಗರಣೆ ಕೊಟ್ಟು ಲೋಟದಲ್ಲಿ ಕುಡಿಯುವ ಪದಾರ್ಥವದು. ಕುಡಿಯುವುದಕ್ಕೆ ಇನ್ನೊಂದು ಕುಡಿಯುವುದನ್ನು ಜೋಡಿ ಮಾಡುವುದು ನನಗೆ ಸರಿಕಾಣಲಿಲ್ಲ. ಮಾಡಿಯೂ ನೋಡಿದೆ, ಅಪ್ಪೆಹುಳಿಯೇ ಗೆದ್ದಿತು. ಒಂದೆಲಗದ ತಂಬುಳಿಯೂ ಹಾಗೆಯೇ. ಮಿಡಿ ಉಪ್ಪಿನಕಾಯಿಯನ್ನಂತೂ ತಟ್ಟೆಯಿಂದಲೇ ದೂರ ಇಡಿ. ಇವರು ಮಾತ್ರ ಕೇಳುವುದಿಲ್ಲ, ವೈನ್ ಬಿಟ್ಟಾರು, ಮಿಡಿ ಬಿಡುವುದಿಲ್ಲ. ಮಾವಿನಹಣ್ಣಿನ ಸೀಕರಣೆಗೆ ಸಿಹಿ ವೈನ್ ಹೊಂದುತ್ತದೆ ಅಂತಾರೆ. ನನಗೆ ಸಿಹಿಯ ಮೇಲೆ ಸಿಹಿ, ಸಾಕೋ ಸಾಕು ಅನಿಸಿತು.

ಬಾಟಲಿ ಕೊಳ್ಳುವಾಗ ಒಂದು ಎಚ್ಚರ. ಒಂದು ಬೇಸಿಗೆಯಲ್ಲಿ ಅಂಗಡಿಯೊಂದರಲ್ಲಿ ತಂದ ಬಾಟಲಿಯ ಬಿರಡೆ ಒಂದಿಷ್ಟು ಮೇಲೆದ್ದಿತ್ತು, ನಾನು ಗಮನಿಸಲಿಲ್ಲ. ತಗಡಿನ ಸೂರಿನ ಕೆಳಗೆ ಕಾದು ಕಾದು ಒಳಗಿನದು ಉಬ್ಬಿದ್ದಕ್ಕೆ ಅದು ಗುರುತು. ರುಚಿ ಒಣದ್ರಾಕ್ಷಿ ಬೇಯಿಸಿದ ನೀರಿನದು. ಈಗ ತಿರುಪು ಮುಚ್ಚಳದ್ದನ್ನೇ ಕೇಳುತ್ತೇನೆ. ಅದನ್ನೂ ಮೇಲಿನ ಹಲಗೆಯದ್ದು ಬೇಡ, ಒಳಗಿನ ಪೆಟ್ಟಿಗೆಯಿಂದ ಕೊಡು ಅನ್ನುತ್ತೇನೆ.

750 ಎಂಎಲ್ ಬಾಟಲಿ ಇಬ್ಬರಿಗೆ ಒಂದೇ ಊಟಕ್ಕೆ ಜಾಸ್ತಿ. ಒಬ್ಬೊಬ್ಬರಿಗೆ ಒಂದು ಲೋಟ, ಸುಮಾರು 150 ಎಂಎಲ್. ಹಾಗಾಗಿ ಬಾಟಲಿ ತೆರೆದರೆ ಎರಡು ಊಟ ಮೊದಲೇ ಯೋಚಿಸಿಟ್ಟಿರುತ್ತೇನೆ. ಶನಿವಾರ ಮೀನು, ಭಾನುವಾರ ಮಜ್ಜಿಗೆಹುಳಿ. ಮುಚ್ಚಳ ಬಿಗಿ ಮಾಡಿ ಫ್ರಿಜ್‌ನಲ್ಲಿಟ್ಟರೆ ಎರಡು ಮೂರು ದಿನ ಏನೂ ಆಗುವುದಿಲ್ಲ. ಕರೆಂಟ್ ಹೋದರೆ ಸ್ಟೀಲ್ ಬಕೆಟ್‌ಗೆ ಐಸ್, ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಬಾಟಲಿ ಮುಳುಗಿಸಿ. ಉಪ್ಪು ಬಿದ್ದ ಐಸ್‌ನೀರು ಸೊನ್ನೆಗಿಂತ ಕೆಳಗಿಳಿಯುತ್ತದೆ, 20 ನಿಮಿಷ ಸಾಕು. ಸ್ಟೀಲ್ ಲೋಟ ಬಿಟ್ಟು ಗಾಜಿನದಕ್ಕೆ ಬಂದಿದ್ದೇವೆ. ಬಾಯಿ ಕಿರಿದಾದ ಗಾಜಿನ ಲೋಟದಲ್ಲಿ ವಾಸನೆ ನಿಲ್ಲುತ್ತದೆ.

ಹೋದ ವರ್ಷ ಅತ್ತೆ ತೀರ್ಥಹಳ್ಳಿ ಕಡೆಯ ಊರಿಂದ ಕಣ್ಣು ತೋರಿಸಲು ಬಂದಿದ್ದರು. ಅವರು ಇದ್ದಾಗ ಬಾಟಲಿ ಅಕ್ಕಿ ಡಬ್ಬದ ಹಿಂದೆ. ಅವತ್ತು ಸಂಜೆ ಭರಣಿ ಮಳೆ ಗುಡುಗಿ ಸುರಿದು, ಕರೆಂಟ್ ಹೋಗಿ, ಮಣ್ಣಿನ ವಾಸನೆ ಎದ್ದಿತ್ತು. ಅತ್ತೆ ಮಲಗಿದ್ದಾರೆ ಅಂತ ನಾವಿಬ್ಬರೂ ಜಗಲಿಯಲ್ಲಿ ಕೋಳಿ ಸಾರು, ಕಡುಬು, ರೋಸೆ ಇಟ್ಟುಕೊಂಡು ಕೂತಿದ್ದೆವು. ಹಿಂದಿನಿಂದ "ಎಂಥದೇ ಅದು, ಮುರುಗಲು ಪಾನಕನಾ?" ಅಂತ ದನಿ ಬಂತು. ಇವರು ಹ್ಞೂಂ ಅಂದುಬಿಟ್ಟರು. "ನಂಗೂ ಒಂದು ಲೋಟ ಕೊಡೇ ಹಂಗಾದ್ರೆ." ಒಳಗೆ ಓಡಿದೆ. ಮುರುಗಲು ಸಿಪ್ಪೆ ನೆನೆಹಾಕಿದ್ದಿತ್ತು, ಪುಣ್ಯ. ಬೆಲ್ಲ ಕದಡಿ, ಏಲಕ್ಕಿ ಹಾಕಿ, ಅದೇ ಥರದ ಗಾಜಿನ ಲೋಟಕ್ಕೆ ಸುರಿದು ತಂದೆ. ಮೇಣದಬತ್ತಿ ಬೆಳಕಲ್ಲಿ ಮೂರೂ ಒಂದೇ ಬಣ್ಣ. ಅತ್ತೆ ಒಂದು ಗುಟುಕು ಕುಡಿದರು. ಆಮೇಲೆ ಮಗನ ಲೋಟ ಎತ್ತಿ ಮೂಸಿ ನೋಡಿ, ಏನೂ ಹೇಳದೆ ಕೆಳಗಿಟ್ಟು, "ನಂದಕ್ಕೆ ಬೆಲ್ಲ ಜಾಸ್ತಿ ಆಯ್ತು ಕಣೇ" ಅಂದರು.