ಕೌನ್ಸಿಲ್ ರೇಟ್ಸ್ ನೋಟಿಸನ್ನು ನಾನು ಓದಲು ಕಲಿತದ್ದು

ಊರಿನಲ್ಲಿ ಅಪ್ಪ ವರ್ಷಕ್ಕೊಮ್ಮೆ ಕಂದಾಯ ಕಟ್ಟಿ ಬರುತ್ತಿದ್ದರು. ರಸೀದಿಯನ್ನು ಬೀರುವಿನ ಫೈಲಿನಲ್ಲಿ ಇಡುತ್ತಿದ್ದರು. ಮನೆ ತೆರಿಗೆಯ ಬಗ್ಗೆ ನನಗಿದ್ದ ತಿಳಿವಳಿಕೆ ಅಷ್ಟೇ. ಮೆಲ್ಬರ್ನಿಗೆ ಬಂದ ಮೇಲೆ ಆರು ವರ್ಷ ಬಾಡಿಗೆ ಮನೆಯಲ್ಲಿದ್ದೆವು. ಇಲ್ಲಿ ಕೌನ್ಸಿಲ್ ರೇಟ್ಸ್, ಅಂದರೆ ಸ್ಥಳೀಯ ಆಡಳಿತಕ್ಕೆ ಸಲ್ಲುವ ಆಸ್ತಿ ತೆರಿಗೆ, ಕಟ್ಟುವುದು ಮನೆ ಮಾಲೀಕರು. ಹಾಗಾಗಿ ಆ ಆರು ವರ್ಷ ಒಂದು ನೋಟಿಸನ್ನೂ ನಾನು ಕಣ್ಣಾರೆ ಕಂಡಿರಲಿಲ್ಲ.

2021ರ ಮೇ ತಿಂಗಳಲ್ಲಿ ನಗರದ ಪಶ್ಚಿಮಕ್ಕಿರುವ ಹೊಸ ಬಡಾವಣೆಯಲ್ಲಿ ಒಂದು ಸೈಟು ಕೊಂಡೆವು. ಸೆಟಲ್‌ಮೆಂಟಿನ ದಿನ, ಅಂದರೆ ಪೂರ್ತಿ ಹಣ ಕೊಟ್ಟು ಸೈಟು ನಮ್ಮದಾಗುವ ದಿನ, ಆಸ್ತಿ ವರ್ಗಾವಣೆಯ ಕಾಗದಪತ್ರ ನೋಡಿಕೊಳ್ಳುವ ನಮ್ಮ ಕನ್ವೇಯನ್ಸರ್ ಒಂದು ಲೆಕ್ಕದ ಹಾಳೆ ಕಳಿಸಿದರು. ಅದರಲ್ಲಿ ರೇಟ್ಸ್ ಎಂದು ಒಂದು ಸಾಲು ಇತ್ತು. ಇಲ್ಲಿ ರೇಟ್ಸ್ ವರ್ಷ ಜುಲೈ 1ರಿಂದ ಜೂನ್ 30ರವರೆಗೆ. ಮಾರಿದವರು ಇಡೀ ವರ್ಷದ್ದು ಮೊದಲೇ ಕಟ್ಟಿದ್ದರು. ಸೈಟು ನಮ್ಮದಾದ ದಿನದಿಂದ ಜೂನ್ ಕೊನೆಯವರೆಗೆ ಎಷ್ಟು ದಿನವೋ ಅಷ್ಟು ದಿನದ ಪಾಲನ್ನು ನಾವು ಅವರಿಗೆ ಕೊಡಬೇಕಾಯಿತು. ಅದನ್ನು ಕೊಟ್ಟೆ, ಮರೆತೆ.

ಮರೆತದ್ದೇ ತಪ್ಪಾಯಿತು. ಜುಲೈನಲ್ಲಿ ನಾವು ಬಾಡಿಗೆ ಮನೆ ಬದಲಿಸಿದೆವು. ಹೊಸ ವಿಳಾಸವನ್ನು ಬ್ಯಾಂಕಿಗೆ ಕೊಟ್ಟೆ, ಮಗಳ ಶಾಲೆಗೆ ಕೊಟ್ಟೆ. ಕೌನ್ಸಿಲ್‌ಗೆ ಕೊಡಬೇಕು ಎಂದು ಹೊಳೆಯಲೇ ಇಲ್ಲ. ಆಗಸ್ಟಿನಲ್ಲಿ ಬರುವ ನೋಟಿಸು ಹಳೇ ಮನೆಗೆ ಹೋಯಿತು. ಸೆಪ್ಟೆಂಬರ್ 30ರ ಮೊದಲ ಕಂತು ತಪ್ಪಿತು. ಬಾಕಿಯ ಮೇಲೆ ಬಡ್ಡಿ ಬಿತ್ತು. ದೊಡ್ಡ ಮೊತ್ತವೇನಲ್ಲ. ಆದರೆ ನೋಟಿಸು ಕೈಗೆ ಬರಲಿಲ್ಲ ಎನ್ನುವುದು ಇಲ್ಲಿ ನೆಪವಾಗುವುದಿಲ್ಲ. ಹೊಸದಾಗಿ ಮನೆ ಕೊಂಡವರಿಗೆ ನಾನು ಮೊದಲು ಹೇಳುವ ಮಾತು ಇದೇ: ವಿಳಾಸ ಬದಲಾದರೆ ಕೌನ್ಸಿಲ್‌ಗೆ ನೀವೇ ತಿಳಿಸಿ, ನೋಟಿಸು ಇಮೇಲಿಗೆ ಬರುವಂತೆ ಮಾಡಿಕೊಳ್ಳಿ.

ನೋಟಿಸಿನ ಪ್ರತಿ ತರಿಸಿಕೊಂಡೆ. ಕೂತು ಓದಿದರೆ ಅದರಲ್ಲಿ ಒಂದಲ್ಲ, ಮೂರು ಬೆಲೆಗಳಿದ್ದವು. ಸೈಟ್ ವ್ಯಾಲ್ಯೂ ಅಂದರೆ ಬರೀ ನೆಲದ ಬೆಲೆ. ಕ್ಯಾಪಿಟಲ್ ಇಂಪ್ರೂವ್ಡ್ ವ್ಯಾಲ್ಯೂ ಅಂದರೆ ನೆಲ, ಅದರ ಮೇಲಿನ ಕಟ್ಟಡ ಎಲ್ಲ ಸೇರಿ ಮಾರಿದರೆ ಬರುವ ಬೆಲೆ. ಇದನ್ನು ಎಲ್ಲರೂ ಸಿಐವಿ ಎನ್ನುತ್ತಾರೆ. ಮೂರನೆಯದು ನೆಟ್ ಆನ್ಯುಯಲ್ ವ್ಯಾಲ್ಯೂ. ವಾಸದ ಮನೆಗಾದರೆ ಅದು ಸಿಐವಿಯ 5% ಅಷ್ಟೇ. ನಮ್ಮದು ಖಾಲಿ ಸೈಟು, ಹಾಗಾಗಿ ಮೊದಲ ಎರಡೂ ಒಂದೇ: 3,20,000 ಡಾಲರ್. ಮೂರನೆಯದು 16,000. ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿರುವ 79 ಕೌನ್ಸಿಲ್‌ಗಳಲ್ಲಿ ಹೆಚ್ಚಿನವು ಲೆಕ್ಕ ಹಾಕುವುದು ಸಿಐವಿ ಮೇಲೆ. ಮೆಲ್ಬರ್ನ್ ನಗರದ ನಡುಭಾಗವನ್ನು ನೋಡಿಕೊಳ್ಳುವ ಸಿಟಿ ಆಫ್ ಮೆಲ್ಬರ್ನ್ ನೆಟ್ ಆನ್ಯುಯಲ್ ವ್ಯಾಲ್ಯೂ ಮೇಲೆ ಹಾಕುತ್ತದೆ.

ಈ ಬೆಲೆಗಳನ್ನು ನಿರ್ಧರಿಸುವ ಹೊಣೆ ವ್ಯಾಲ್ಯುಯರ್ ಜನರಲ್ ವಿಕ್ಟೋರಿಯಾ ಎಂಬ ರಾಜ್ಯದ ಅಧಿಕಾರಿಯದು. ಮೊದಲು ಎರಡು ವರ್ಷಕ್ಕೊಮ್ಮೆ ಮಾಡುತ್ತಿದ್ದರು. 2019ರಿಂದ ಪ್ರತಿ ವರ್ಷ. ಜನವರಿ 1ರಂದು ಈ ಮನೆ ಮಾರಿದ್ದರೆ ಎಷ್ಟು ಬರುತ್ತಿತ್ತು ಎನ್ನುವುದೇ ಲೆಕ್ಕ. ನೋಟಿಸು ಬರುವಾಗ ಆಗಸ್ಟ್ ಆಗಿರುತ್ತದೆ. ಅಷ್ಟರಲ್ಲಿ ಮಾರುಕಟ್ಟೆ ಏರಿರಬಹುದು, ಇಳಿದಿರಬಹುದು. ಆದರೂ ನೋಟಿಸಿನಲ್ಲಿರುವುದು ಜನವರಿ 1ರ ಬೆಲೆಯೇ. ಇದು ಮುಂದೆ ನನಗೆ ತುಂಬ ಮುಖ್ಯವಾಯಿತು.

2022ರ ನವೆಂಬರಿನಲ್ಲಿ ಮನೆ ಮುಗಿಯಿತು. ಕೆಲವು ತಿಂಗಳಿಗೆ ಇನ್ನೊಂದು ನೋಟಿಸು ಬಂತು, ಸಪ್ಲಿಮೆಂಟರಿ ಎಂದು ಹೆಸರು. ಆ ವರ್ಷದ್ದು ಆಗಲೇ ಕಟ್ಟುತ್ತಿದ್ದೇನಲ್ಲ, ಇದೇನಿದು ಅಂತ ಗಾಬರಿಯಾಯಿತು. ವಿಷಯ ಸರಳ. ಖಾಲಿ ಸೈಟಿನಲ್ಲಿ ಮನೆ ಎದ್ದರೆ ಅಥವಾ ಒಂದು ಸೈಟು ಎರಡಾದರೆ ವರ್ಷದ ನಡುವೆಯೇ ಬೆಲೆಯನ್ನು ಮತ್ತೆ ನೋಡುತ್ತಾರೆ. ಉಳಿದ ದಿನಗಳಿಗೆ ಮಾತ್ರ ಹೆಚ್ಚುವರಿ ಹಾಕುತ್ತಾರೆ. ನಮ್ಮ ಸಿಐವಿ 3,20,000ದಿಂದ 6,40,000ಕ್ಕೆ ಹೋಗಿತ್ತು. ನೋಟಿಸಿನಲ್ಲಿದ್ದ ವರ್ಗದ ಸಂಖ್ಯೆಯೂ 100ರಿಂದ 110ಕ್ಕೆ ಬದಲಾಗಿತ್ತು. 100 ಎಂದರೆ ಖಾಲಿ ವಾಸದ ಸೈಟು, 110 ಎಂದರೆ ಒಂಟಿ ಮನೆ. ಮನೆ ಕಟ್ಟಿಸುವವರು ಈ ಹಣವನ್ನು ಮೊದಲೇ ತೆಗೆದಿಡುವುದು ಒಳ್ಳೆಯದು. ಗೃಹಪ್ರವೇಶದ ಖರ್ಚು ಮುಗಿದು ಕೈ ಬರಿದಾಗಿರುವ ಹೊತ್ತಿಗೇ ಇದು ಬರುತ್ತದೆ.

ಇನ್ನು ಅಸಲಿ ಲೆಕ್ಕ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು. ಯಾಕೆಂದರೆ ನಾನು ತಲೆಕೆಳಗಾಗಿ ಯೋಚಿಸುತ್ತಿದ್ದೆ. ಮನೆಯ ಬೆಲೆ ಏರಿದರೆ ಕೌನ್ಸಿಲ್‌ಗೆ ಅಷ್ಟು ಹಣ ಜಾಸ್ತಿ ಹೋಗುತ್ತದೆ ಎಂದುಕೊಂಡಿದ್ದೆ. ಅದು ಹಾಗಲ್ಲ.

ಊರ ಹಬ್ಬಕ್ಕೆ ವಂತಿಗೆ ಎತ್ತುವುದನ್ನು ನೆನಪಿಸಿಕೊಳ್ಳಿ. ಮೊದಲು ಹಬ್ಬಕ್ಕೆ ಒಟ್ಟು ಎಷ್ಟು ಬೇಕು ಎಂದು ಗೊತ್ತಾಗುತ್ತದೆ. ಆಮೇಲೆ ಅವರವರ ಹೊಲದ ಅಳತೆ ನೋಡಿ ಪಾಲು ಹಾಕುತ್ತಾರೆ. ಇಲ್ಲಿಯೂ ಅದೇ ಕ್ರಮ. ಕೌನ್ಸಿಲ್ ಮೊದಲು ತನ್ನ ಬಜೆಟ್ ಮಾಡುತ್ತದೆ. ರೇಟ್ಸ್‌ನಿಂದ ಇಷ್ಟು ಬೇಕು ಎಂದು ತೀರ್ಮಾನಿಸುತ್ತದೆ. ಆ ಮೊತ್ತವನ್ನು ತನ್ನ ವ್ಯಾಪ್ತಿಯ ಎಲ್ಲ ಆಸ್ತಿಗಳ ಒಟ್ಟು ಬೆಲೆಯಿಂದ ಭಾಗಿಸುತ್ತದೆ. ಬಂದ ಸಣ್ಣ ಸಂಖ್ಯೆಯ ಹೆಸರು ರೇಟ್ ಇನ್ ದ ಡಾಲರ್. ನಿಮ್ಮ ಸಿಐವಿಯನ್ನು ಅದರಿಂದ ಗುಣಿಸಿದರೆ ನಿಮ್ಮ ಪಾಲು.

ಮೂರೇ ಮನೆಗಳಿರುವ ಕೌನ್ಸಿಲ್ ಇದೆ ಎಂದುಕೊಳ್ಳಿ. ಬೆಲೆಗಳು 5 ಲಕ್ಷ, 6 ಲಕ್ಷ, 9 ಲಕ್ಷ ಡಾಲರ್. ಒಟ್ಟು 20 ಲಕ್ಷ. ಕೌನ್ಸಿಲ್‌ಗೆ 5,000 ಡಾಲರ್ ಬೇಕು. ಭಾಗಿಸಿದರೆ 0.0025. ನಡುವಿನ ಮನೆಯ ಪಾಲು 1,500. ಮುಂದಿನ ವರ್ಷ ಎಲ್ಲ ಮನೆಗಳ ಬೆಲೆ 10% ಏರಿತು, ಕೌನ್ಸಿಲ್ 3% ಮಾತ್ರ ಜಾಸ್ತಿ ಎತ್ತಿತು ಎನ್ನಿ. ಆಗ ರೇಟ್ ಇನ್ ದ ಡಾಲರ್ ಇಳಿಯುತ್ತದೆ. ಪ್ರತಿಯೊಬ್ಬರೂ 3% ಜಾಸ್ತಿ ಕಟ್ಟುತ್ತಾರೆ, 10% ಅಲ್ಲ. ಆದರೆ ನಡುವಿನ ಮನೆ ಮಾತ್ರ 7.5 ಲಕ್ಷಕ್ಕೆ ಏರಿ ಉಳಿದೆರಡು ಅಲ್ಲೇ ನಿಂತರೆ? ನಡುವಿನವರ ಬಿಲ್ಲು 1,500ರಿಂದ ಸುಮಾರು 1,797ಕ್ಕೆ ಹೋಗುತ್ತದೆ. 5 ಲಕ್ಷದ ಮನೆಯವರದು 1,250ರಿಂದ 1,198ಕ್ಕೆ ಇಳಿಯುತ್ತದೆ. ಅಂದರೆ ನಿಮ್ಮ ಬೆಲೆ ಏರಿತೇ ಎನ್ನುವುದಲ್ಲ, ಉಳಿದವರಿಗಿಂತ ಜಾಸ್ತಿ ಏರಿತೇ ಎನ್ನುವುದು ಪ್ರಶ್ನೆ.

ಆ 3% ಎಲ್ಲಿಂದ ಬಂತು ಎಂದರೆ, ರಾಜ್ಯ ಸರ್ಕಾರ ರೇಟ್ಸ್ ಏರಿಕೆಗೆ ಪ್ರತಿ ವರ್ಷ ಒಂದು ಮಿತಿ ಹಾಕುತ್ತದೆ. 2016-17ರಿಂದ ಇದು ಜಾರಿಯಲ್ಲಿದೆ. 2024-25ಕ್ಕೆ 2.75%, 2025-26ಕ್ಕೆ 3%. ನಮ್ಮ ಕನ್ನಡದ ಗೆಳೆಯರಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇದರ ಬಗ್ಗೆಯೇ. ಮಿತಿ 3% ಇರುವಾಗ ನನ್ನ ಬಿಲ್ಲು 8% ಹೇಗೆ ಏರಿತು ಎಂದು ಕೇಳುತ್ತಾರೆ. ಈ ಮಿತಿ ಕೌನ್ಸಿಲ್‌ನ ಸರಾಸರಿ ರೇಟಿಗೆ, ಒಂದೊಂದು ಮನೆಯ ಬಿಲ್ಲಿಗಲ್ಲ. ಕಸದ ಶುಲ್ಕವೂ ಅದರೊಳಗೆ ಬರುವುದಿಲ್ಲ.

ಇನ್ನೊಂದು ಸಾಲಂತೂ ಕೌನ್ಸಿಲ್‌ನ ಹಣವೇ ಅಲ್ಲ. 2013ರ ಜುಲೈನಿಂದ ರೇಟ್ಸ್ ನೋಟಿಸಿನಲ್ಲಿ ಅಗ್ನಿಶಾಮಕ ಸೇವೆಯ ಲೆವಿ ಇತ್ತು. 2009ರ ಕಾಡ್ಗಿಚ್ಚಿನ ಬಗ್ಗೆ ಕೂತ ರಾಯಲ್ ಕಮಿಷನ್ ಎಂಬ ತನಿಖಾ ಆಯೋಗ ಹೇಳಿದ ಮೇಲೆ ವಿಮೆಯ ಕಂತಿನಲ್ಲಿದ್ದದ್ದನ್ನು ಇಲ್ಲಿಗೆ ತಂದರು. 2025ರ ಜುಲೈ 1ರಿಂದ ಅದರ ಬದಲು ಎಮರ್ಜೆನ್ಸಿ ಸರ್ವಿಸಸ್ ಅಂಡ್ ವಾಲಂಟಿಯರ್ಸ್ ಫಂಡ್ ಎಂಬ ತುರ್ತು ಸೇವೆಗಳ ಶುಲ್ಕ ಬಂದಿದೆ. ವಾಸದ ಮನೆಗೆ ಸ್ಥಿರ ಮೊತ್ತ 132ರಿಂದ 136 ಡಾಲರ್ ಆಯಿತು. ಅದು ಸರಿ. ಆದರೆ ಸಿಐವಿ ಮೇಲಿನ ಭಾಗ ಸಾವಿರ ಡಾಲರಿಗೆ 8.7 ಸೆಂಟಿನಿಂದ 17.3 ಸೆಂಟಿಗೆ ಏರಿತು. ನಮ್ಮ ಸಿಐವಿ ಎರಡೂ ವರ್ಷ 7,00,000 ಇತ್ತು. 2024-25ರಲ್ಲಿ 192.90 ಡಾಲರ್ ಕಟ್ಟಿದ್ದೆ, 2025-26ರಲ್ಲಿ 257.10. ಈ ಹಣವನ್ನು ಕೌನ್ಸಿಲ್ ಎತ್ತಿ ರಾಜ್ಯಕ್ಕೆ ಕೊಡುತ್ತದೆ. ಇದಕ್ಕಾಗಿ ಕೌನ್ಸಿಲ್ ಕೌಂಟರಿನಲ್ಲಿ ಕೂತವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ, ಅಲ್ವಾ?

ಎರಡೂ ವರ್ಷ 7,00,000 ಎಂದೆ. 2024ರ ನೋಟಿಸಿನಲ್ಲಿ ಮೊದಲು ಬಂದದ್ದು ಆ ಬೆಲೆಯಲ್ಲ, 7,40,000. ಎರಡು ಮನೆ ಆಚೆ ಇರುವ ಗೆಳೆಯರದೂ ಅದೇ ಬಿಲ್ಡರು, ಅದೇ ಪ್ಲಾನು, ಹೆಚ್ಚೂಕಮ್ಮಿ ಅದೇ ಅಳತೆಯ ಸೈಟು. ಅವರದು 6,95,000. ಇಷ್ಟು ವ್ಯತ್ಯಾಸ ಯಾಕೆ?

ವ್ಯಾಲ್ಯುಯರ್‌ಗಳು ಪ್ರತಿ ಮನೆಯೊಳಗೆ ಬಂದು ನೋಡುವುದಿಲ್ಲ. ಸುತ್ತಮುತ್ತಲ ಮಾರಾಟದ ಬೆಲೆಗಳು ಮತ್ತು ದಾಖಲೆಯಲ್ಲಿರುವ ವಿವರ ಇಟ್ಟುಕೊಂಡು ಒಂದು ಪ್ರದೇಶದ ಮನೆಗಳಿಗೆಲ್ಲ ಒಟ್ಟಿಗೆ ಬೆಲೆ ಕಟ್ಟುತ್ತಾರೆ. ಸಾವಿರಾರು ಮನೆಗಳಿಗೆ ಬೇರೆ ದಾರಿಯೂ ಇಲ್ಲ. ಆದ್ದರಿಂದ ದಾಖಲೆ ತಪ್ಪಿದರೆ ಬೆಲೆಯೂ ತಪ್ಪುತ್ತದೆ. ನಮ್ಮ ಮನೆಯ ವಿವರ ಕೇಳಿ ನೋಡಿದೆ. ಅದರಲ್ಲಿ ಐದು ಮಲಗುವ ಕೋಣೆ ಇತ್ತು! ಮೊದಲ ಪ್ಲಾನಿನಲ್ಲಿ ಐದಿತ್ತು ನಿಜ. ಬಜೆಟ್ ಸಾಲದೆ ಹಿಂದಿನ ಕೋಣೆಯನ್ನು ಕಟ್ಟುವ ಮೊದಲೇ ಕೈಬಿಟ್ಟಿದ್ದೆವು.

ಆಕ್ಷೇಪಣೆ ಸಲ್ಲಿಸಲು ನೋಟಿಸು ಕೊಟ್ಟ ದಿನದಿಂದ ಎರಡು ತಿಂಗಳ ಕಾಲ ಇರುತ್ತದೆ. ರೇಟ್ಸ್ ಜಾಸ್ತಿಯಾಯಿತು ಎಂದು ಬರೆದರೆ ಅದು ನಿಲ್ಲುವುದಿಲ್ಲ. ಆಕ್ಷೇಪಣೆ ಬೆಲೆಯ ಬಗ್ಗೆ ಇರಬೇಕು. ನಾನು ಮೂರು ಸಂಗತಿ ಕೊಟ್ಟೆ: ಕೊನೆಗೆ ಕಟ್ಟಿದ ಮನೆಯ ನಕ್ಷೆ, ಹಿಂಭಾಗದ ಎರಡು ಫೋಟೋ, ಮತ್ತು ಜನವರಿ 1ರ ಆಸುಪಾಸಿನಲ್ಲಿ ನಮ್ಮ ಬಡಾವಣೆಯಲ್ಲಿ ಮಾರಾಟವಾದ ನಾಲ್ಕು ಕೋಣೆಯ ಮೂರು ಮನೆಗಳ ಬೆಲೆ. ಆಗಸ್ಟಿನ ಮಾರಾಟಗಳನ್ನು ಸೇರಿಸುವ ಆಸೆಯಾಗಿತ್ತು. ಹೆಂಡತಿ ತಡೆದಳು. ದಿನಾಂಕ ಜನವರಿಯದು, ಇವು ಯಾಕೆ ಎಂದಳು. ಅವಳು ಹೇಳಿದ್ದೇ ಸರಿ.

ತೀರ್ಮಾನ ಬರುವವರೆಗೂ ಕಂತುಗಳನ್ನು ಕಟ್ಟುತ್ತಲೇ ಇರಬೇಕು. ನಾನು ಕಟ್ಟಿದೆ. ವ್ಯಾಲ್ಯುಯರ್ ಫೋನ್ ಮಾಡಿ, ಒಂದು ದಿನ ಬಂದು ನೋಡಿ ಹೋದರು. ಮೂರು ತಿಂಗಳಾದ ಮೇಲೆ ಪತ್ರ ಬಂತು: ಸಿಐವಿ 7,00,000. ನಮ್ಮಲ್ಲಿ ಆಗ ರೇಟ್ ಇನ್ ದ ಡಾಲರ್ 0.0025ರ ಹತ್ತಿರ ಇತ್ತು. ಉಳಿದದ್ದು ವರ್ಷಕ್ಕೆ 100 ಡಾಲರ್. ಇಷ್ಟಕ್ಕೆ ಇಷ್ಟೆಲ್ಲ ಬೇಕಿತ್ತಾ ಎಂದು ಕೆಲವರು ಕೇಳಿದರು. ಬೇಕಿತ್ತು. ದಾಖಲೆ ಸರಿಯಾಗದಿದ್ದರೆ ಇಲ್ಲದ ಕೋಣೆಗೆ ಪ್ರತಿ ವರ್ಷವೂ ಕಟ್ಟಬೇಕಿತ್ತು.

ಕಟ್ಟುವ ವಿಧಾನ ಕಷ್ಟವಿಲ್ಲ. ಸೆಪ್ಟೆಂಬರ್ 30, ನವೆಂಬರ್ 30, ಫೆಬ್ರವರಿ 28, ಮೇ 31, ಹೀಗೆ ನಾಲ್ಕು ಕಂತು. ನಾನು ಬ್ಯಾಂಕಿನ ಆ್ಯಪಿನಲ್ಲಿ ಬಿ-ಪೇ ಮೂಲಕ ಕಟ್ಟುತ್ತೇನೆ. ನೋಟಿಸಿನಲ್ಲಿರುವ ಬಿಲ್ಲರ್ ಕೋಡ್ ಮತ್ತು ರೆಫರೆನ್ಸ್ ಸಂಖ್ಯೆ ಹಾಕಿದರೆ ಮುಗಿಯಿತು. ಕೊನೆಯ ದಿನಕ್ಕಿಂತ ಮೂರು ದಿನ ಮೊದಲೇ ಕಟ್ಟುತ್ತೇನೆ, ಹಣ ತಲುಪಲು ಸಮಯ ಬೇಕು. ಪಿಂಚಣಿದಾರರ ರಿಯಾಯಿತಿ ಕಾರ್ಡ್ ಇರುವವರಿಗೆ ಅವರು ವಾಸಿಸುವ ಮನೆಯ ರೇಟ್ಸ್‌ನಲ್ಲಿ ಅರ್ಧದಷ್ಟು, ಒಂದು ಗರಿಷ್ಠ ಮಿತಿಯೊಳಗೆ, ಕಡಿತವಿದೆ. ಅರ್ಜಿ ಹಾಕಬೇಕು. ಕೆಲಸ ಹೋಗಿ ಕಷ್ಟವಾದರೆ ಕಂತಿನ ದಿನ ದಾಟುವ ಮೊದಲೇ ಫೋನ್ ಮಾಡಿ. ಸಣ್ಣ ಕಂತುಗಳಲ್ಲಿ ಕಟ್ಟುವ ವ್ಯವಸ್ಥೆಗೆ ಕೇಳಬಹುದು. ಸುಮ್ನೆ ಕೂತರೆ ಬಡ್ಡಿ ಬೆಳೆಯುತ್ತದೆ.

ಕಳೆದ ಅಕ್ಟೋಬರಿನಲ್ಲಿ ಇನ್ನೊಬ್ಬ ಗೆಳೆಯ ನೋಟಿಸು ಹಿಡಿದು ಮನೆಗೆ ಬಂದ. ಮೊತ್ತ ತೋರಿಸಿ ಅನ್ಯಾಯ ಎಂದ. ಮೊತ್ತವನ್ನು ಕೈಯಿಂದ ಮುಚ್ಚಿ ಸಿಐವಿ, ವರ್ಗದ ಸಂಖ್ಯೆ, ನೋಟಿಸಿನ ದಿನಾಂಕ ಮೂರನ್ನೇ ನೋಡಿದೆವು. ಅವನ ಬೀದಿಯಲ್ಲಿ ಹಿಂದಿನ ಡಿಸೆಂಬರಿನಲ್ಲಿ ಮಾರಿದ್ದ ಅದೇ ಥರದ ಮನೆಗಿಂತ ಅವನ ಬೆಲೆ 60,000 ಜಾಸ್ತಿ ಇತ್ತು. ಎರಡು ತಿಂಗಳು ಮುಗಿಯಲು ಇನ್ನು ಹನ್ನೊಂದು ದಿನ ಉಳಿದಿತ್ತು. ಅಂದೇ ರಾತ್ರಿ ನಮ್ಮ ಊಟದ ಮೇಜಿನ ಮೇಲೆ ಕೂತು ಆಕ್ಷೇಪಣೆ ತುಂಬಿಸಿ ಕಳಿಸಿದೆವು.