ಕೈ ಜೋಮಿಗೆ ಆಪರೇಷನ್ ಯಾವಾಗ? ನಾನು ಮೊದಲು ನೋಡುವುದು ಹೆಬ್ಬೆರಳಿನ ಬುಡ

ನಾನು ಹುಬ್ಬಳ್ಳಿಯಲ್ಲಿ ಎಲುಬು-ಕೀಲಿನ ಡಾಕ್ಟರ್. ಕೈ ಜೋಮು ಹಿಡಿಯುತ್ತದೆ ಅಂತ ನನ್ನ ಹತ್ತಿರ ಬರುವವರಲ್ಲಿ ಹೆಂಗಸರೇ ಜಾಸ್ತಿ. ಖಾನಾವಳಿಗೆ ರೊಟ್ಟಿ ಬಡಿಯುವವರು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವರು, ಧಾರವಾಡದಲ್ಲಿ ಕಸೂತಿ ಹಾಕುವವರು. ಬೆಟಗೇರಿಯಿಂದ ನೇಕಾರರೂ ಬರುತ್ತಾರೆ. ಎಲ್ಲರೂ ಕೇಳುವುದು ಒಂದೇ: "ಆಪರೇಷನ್ ಮಾಡ್ಸಾಕ ಬೇಕೇನ್ರಿ ಸರ್?" ಬಹಳ ಮಂದಿಗೆ ಮೊದಲಿಗೇ ಬೇಕಾಗುವುದಿಲ್ಲ. ಬೇಕಾದವರು ಮಾತ್ರ ತಡ ಮಾಡಬಾರದು.

ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ದಾರಿ ಇದೆ. ಕೆಳಗೆ ಎಲುಬು, ಮೇಲೆ ಗಟ್ಟಿಯಾದ ಪಟ್ಟಿ. ಬೆರಳು ಮಡಚುವ 9 ಸ್ನಾಯುರಜ್ಜುಗಳು ಮತ್ತು ಮೀಡಿಯನ್ ನರ ಇದರೊಳಗೇ ಹಾದುಹೋಗುತ್ತವೆ. ಅಲ್ಲಿ ಒತ್ತಡ ಹೆಚ್ಚಾದರೆ ಪೆಟ್ಟು ತಿನ್ನುವುದು ನರ. ಇದೇ ಕಾರ್ಪಲ್ ಟನಲ್ ಸಿಂಡ್ರೋಮ್.

"ಇಡೀ ಕೈನೇ ಜೋಮು" ಅಂತ ಹೆಚ್ಚಿನವರು ಹೇಳುತ್ತಾರೆ. ಆಗ ಒಂದು ಕೆಲಸ ಹೇಳಿ ಕಳಿಸುತ್ತೇನೆ. ರಾತ್ರಿ ಎಚ್ಚರವಾದಾಗ ಕೈ ಕೊಡವುವ ಮೊದಲು ಒಂದೊಂದೇ ಬೆರಳನ್ನು ಚಿವುಟಿ ನೋಡಿ ಅಂತ. ಈ ನರದ ತೊಂದರೆಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಅರ್ಧ ಜೋಮು ಹಿಡಿಯುತ್ತವೆ. ಕಿರುಬೆರಳು ಚೆನ್ನಾಗಿರುತ್ತದೆ. ಕಿರುಬೆರಳೇ ಜೋಮು ಅಂದರೆ ಮೊಣಕೈ ಕಡೆ, ಕುತ್ತಿಗೆ ಕಡೆ ಹುಡುಕುತ್ತೇನೆ. ಆಮೇಲೆ ಮಣಿಕಟ್ಟು ಕೆಳಗೆ ಬಗ್ಗಿಸಿ 1 ನಿಮಿಷ ಹಿಡಿಯಲು ಹೇಳುತ್ತೇನೆ. ಇದು ಅಮೆರಿಕದ ಸರ್ಜನ್ ಜಾರ್ಜ್ ಫೇಲನ್ ಹೆಸರಿನ ಪರೀಕ್ಷೆ. ಕೆಲವರಿಗೆ ನಿಮಿಷ ತುಂಬುವ ಮೊದಲೇ ಜೋಮು ಏರುತ್ತದೆ.

ಶುಗರ್, ಥೈರಾಯ್ಡ್ ನೋಡಿಸುತ್ತೇನೆ. ಎರಡೂ ಈ ತೊಂದರೆಗೆ ದಾರಿ ಮಾಡಿಕೊಡುತ್ತವೆ. ಬಸುರಿಯರಿಗೆ ಬಂದಿದ್ದರೆ ಸಾಮಾನ್ಯವಾಗಿ ಹೆರಿಗೆಯಾದ ಮೇಲೆ ಇಳಿಯುತ್ತದೆ, ಹಾಗಾಗಿ ಕಾಯುತ್ತೇನೆ.

ರಾತ್ರಿ ಮಾತ್ರ ಜೋಮು, ಹಗಲು ಕೈ ಸರಿ ಅನ್ನುವವರಿಗೆ ಮಣಿಕಟ್ಟಿಗೆ ಹೊರಗಿನಿಂದ ಕಟ್ಟುವ ಪಟ್ಟಿ (ಸ್ಪ್ಲಿಂಟ್) ಕೊಡುತ್ತೇನೆ. ಮಲಗುವಾಗ ಕಟ್ಟಿಕೊಂಡು 6 ವಾರ ನೋಡಬೇಕು. ಅಂಗಡಿಯಲ್ಲಿ ಸಿಗುವ ಎಷ್ಟೋ ಪಟ್ಟಿಗಳೊಳಗಿನ ತಗಡು ಮೇಲ್ಮುಖವಾಗಿ ಬಾಗಿರುತ್ತದೆ. ಅದನ್ನು ಹೊರಗೆ ತೆಗೆದು ಟೇಬಲ್ ಮೇಲೆ ಒತ್ತಿ ನೆಟ್ಟಗೆ ಮಾಡಿಯೇ ಕೊಡುತ್ತೇನೆ. ಮಣಿಕಟ್ಟು ನೇರ ಇದ್ದಾಗಲೇ ನರಕ್ಕೆ ಒತ್ತಡ ಕಡಿಮೆ. ಇದೊಂದು ಸರಿಯಾದರೆ ಎಷ್ಟೋ ಜನ ನಿದ್ದೆ ಮಾಡುತ್ತಾರೆ. ಸ್ಟಿರಾಯ್ಡ್ ಇಂಜೆಕ್ಷನ್ ಕೂಡ ಆರಾಮ ಕೊಡುತ್ತದೆ, ಆದರೆ ಕೆಲವು ತಿಂಗಳಲ್ಲಿ ಜೋಮು ಮರಳಿ ಬರುವುದುಂಟು.

ನನಗೆ ಹೆಚ್ಚು ಚಿಂತೆ ಆಗುವುದು ನೋವು ತಾನಾಗಿಯೇ ಇಳಿದವರನ್ನು ನೋಡಿದಾಗ. ರೊಟ್ಟಿ ಮಾಡುವ ಒಬ್ಬ ಅಕ್ಕ ಬಂದಿದ್ದರು. "ಮೊದಲ ರಾತ್ರಿಯೆಲ್ಲಾ ಒದ್ದಾಡ್ತಿದ್ದೆರಿ, ಈಗ ಆರಾಮ ಅದ. ಬರೇ ಗುಳಿಗಿ ಬರದು ಕೊಡ್ರಿ" ಅಂದರು. ತೋರುಬೆರಳ ತುದಿಯಲ್ಲಿ ಸುಟ್ಟ ಬೊಬ್ಬೆ ಇತ್ತು. ಹಂಚಿನ ಮೇಲಿನ ರೊಟ್ಟಿ ಹೊರಳಿಸುವಾಗ ಯಾವಾಗ ಸುಟ್ಟಿತೋ ಅವರಿಗೆ ಗೊತ್ತೇ ಆಗಿರಲಿಲ್ಲ. ಎರಡೂ ಅಂಗೈ ಮೇಲೆ ಮಾಡಿ ಟೇಬಲ್ ಮೇಲೆ ಇಡಿಸಿದೆ. ಎಡಗೈ ಹೆಬ್ಬೆರಳಿನ ಬುಡ ದುಂಡಗಿತ್ತು. ಬಲಗೈಯದು ತಗ್ಗಿ ಎಲುಬಿನ ಅಂಚು ಕಾಣುತ್ತಿತ್ತು. "ಅಕ್ಕಾರ, ಹೆಬ್ಬೆರಳು ಮಾಳಿಗಿ ಕಡೆ ಎತ್ರಿ, ನಾ ಒತ್ತಿದರೂ ಬಿಡಬ್ಯಾಡ್ರಿ" ಅಂದೆ. ಒಂದೇ ಬೆರಳಿಂದ ಒತ್ತಿದರೂ ಕೆಳಗೆ ಹೋಯಿತು. ಹೆಬ್ಬೆರಳಿನ ಬುಡದ ಆ ಸ್ನಾಯು ಆಡಿಸುವುದೂ ಇದೇ ಮೀಡಿಯನ್ ನರ. ನೋವು ಇಳಿದದ್ದು ನರ ಸೋತಿದ್ದರಿಂದ. ಗುಳಿಗೆ ಬರೆಯಲಿಲ್ಲ, ಆಪರೇಷನ್ ಅಂದೆ.

ಹಗಲು ರಾತ್ರಿ ಬಿಡದ ಜೋಮು, ಗುಂಡಿ ಹಾಕಲು ಆಗದಿರುವುದು, ಕೈಯಿಂದ ಲೋಟ ಜಾರುವುದು, ಹೆಬ್ಬೆರಳಿನ ಬುಡ ಸೊರಗುವುದು: ಇವು ಕಂಡರೆ ನಾನು ಪಟ್ಟಿ ಕಟ್ಟಿ ಕಾಯುವುದಿಲ್ಲ. ಪಟ್ಟಿ, ಇಂಜೆಕ್ಷನ್ ಎರಡೂ ಆಗಿ ಮತ್ತೆ ನಿದ್ದೆ ಕೆಟ್ಟರೂ ಆಪರೇಷನ್ ಮಾತು ಎತ್ತುತ್ತೇನೆ. ಅದಕ್ಕೂ ಮೊದಲು ನರದ ಟೆಸ್ಟ್ ಮಾಡಿಸುತ್ತೇನೆ. ಆದರೆ ಬರೀ ರಿಪೋರ್ಟ್ ನೋಡಿ ಕತ್ತರಿ ಹಿಡಿಯುವುದಿಲ್ಲ. ಆರಂಭದಲ್ಲಿ ರಿಪೋರ್ಟ್ ನಾರ್ಮಲ್ ಬರುವುದೂ ಇದೆ.

ಆಪರೇಷನ್ ಚಿಕ್ಕದು. ಕೈಯಷ್ಟೇ ಮರಗಟ್ಟಿಸಿ, ಅಂಗೈಯಲ್ಲಿ ಸಣ್ಣ ಗಾಯ ಮಾಡಿ, ನರದ ದಾರಿಯ ಮೇಲಿರುವ ಆ ಗಟ್ಟಿ ಪಟ್ಟಿ ಕತ್ತರಿಸುತ್ತೇವೆ. ಸಾಮಾನ್ಯವಾಗಿ ಅದೇ ದಿನ ಮನೆಗೆ. ಹೊಲಿಗೆ ಸುಮಾರು 2 ವಾರಕ್ಕೆ ಬಿಚ್ಚುತ್ತೇವೆ. ರಾತ್ರಿಯ ಒದ್ದಾಟ ಬೇಗ ನಿಲ್ಲುತ್ತದೆ. ಬಿಡದೆ ಇದ್ದ ಜೋಮು ಇಳಿಯಲು ತಿಂಗಳುಗಳು ಬೇಕು, ಯಾಕಂದರೆ ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಸೊರಗಿದ ಸ್ನಾಯು ಪೂರ್ತಿ ತುಂಬದೆಯೂ ಇರಬಹುದು. ಇದನ್ನು ಆಪರೇಷನ್‌ಗೆ ಮೊದಲೇ, ಮನೆಯವರನ್ನೂ ಕೂರಿಸಿಕೊಂಡು ಹೇಳುತ್ತೇನೆ. ಹಿಟ್ಟು ನಾದುವಾಗ ಅಂಗೈಯ ಬುಡ ಕೆಲವು ತಿಂಗಳು ನೋಯುತ್ತದೆ ಅನ್ನುವುದನ್ನೂ ಹೇಳಬೇಕು. ಇಲ್ಲದಿದ್ದರೆ ಆಪರೇಷನ್ ಕೆಟ್ಟಿತು ಅಂತ ಹೆದರುತ್ತಾರೆ.

ಎರಡೂ ಕೈಗೆ ಬೇಕಿದ್ದರೆ ಹೆಚ್ಚು ಸೋತ ಕೈ ಮೊದಲು. ಗಾಯ ಮಾಗುವ ತನಕ ಒಂದು ಕೈಯಾದರೂ ಊಟಕ್ಕೆ, ಸ್ನಾನಕ್ಕೆ ಬೇಕಲ್ವಾ? ಆ ದಿನಗಳಲ್ಲಿ ರೊಟ್ಟಿಗೆ ಯಾರು ಕೂರುತ್ತಾರೆ ಅಂತ ಮನೆಯವರನ್ನು ಕೇಳಿಯೇ ತಾರೀಖು ಕೊಡುತ್ತೇನೆ.